ಗೋಡೆಯೊಳಗಿನ ಮಾಗಿ

ಇಂದಿನ ಮಾತು ಚಳಿಯನ್ನು ಕುರಿತದ್ದು. ನಮ್ಮ ಧನುರ್ಮಾಸದ ಚಳಿಯಲ್ಲ. ಊರು ಬಿಟ್ಟು, ದೇಶ ಬಿಟ್ಟು, ದೂರದ ಶಾಲೆಯಲ್ಲಿ ಪಾಠ ಹೇಳಲು ಹೋದವರು ಎದುರಿಸುವ ಚಳಿ. ದೇಶ ಜಪಾನ್. ಅಲ್ಲಿನ ಸರ್ಕಾರ 1987ರಲ್ಲಿ ಜೆಟ್ ಎಂಬ ಯೋಜನೆಯನ್ನು ಶುರುಮಾಡಿತು. ಹೊರದೇಶದ ಪದವೀಧರರನ್ನು ಕರೆಸುವುದು, ಇಂಗ್ಲಿಷ್ ತರಗತಿಗೆ ಸಹಾಯಕ ಶಿಕ್ಷಕರನ್ನಾಗಿ ಊರೂರಿಗೆ ಕಳಿಸುವುದು, ಇದು ಆ ಯೋಜನೆಯ ಮುಖ್ಯ ಕೆಲಸ. ಮೊದಲ ವರ್ಷ ನಾಲ್ಕು ದೇಶಗಳಿಂದ ಸುಮಾರು 850 ಮಂದಿ ಬಂದರು. ಈಗ ಐವತ್ತರ ಆಸುಪಾಸಿನ ದೇಶಗಳಿಂದ 5,000ಕ್ಕೂ ಹೆಚ್ಚು ಮಂದಿ ಅಲ್ಲಿರುತ್ತಾರೆ. ಭಾರತದವರೂ ಇದ್ದಾರೆ, ಬೆರಳೆಣಿಕೆಯಷ್ಟು. ಯಾವ ಊರು ಬೇಕೆಂದು ಕೇಳಿಕೊಳ್ಳಬಹುದು. ಸಿಗುವುದು ಮಾತ್ರ ಅವರು ಕೊಟ್ಟ ಊರು. ಅದು ಬಹುಮಟ್ಟಿಗೆ ದೊಡ್ಡ ನಗರವಲ್ಲ, ಸಣ್ಣ ಪಟ್ಟಣ ಅಥವಾ ಹಳ್ಳಿ. ಹೆಚ್ಚಿನವರು ಬಂದಿಳಿಯುವುದು ಜುಲೈ ಕೊನೆಗೆ, ಇಲ್ಲವೇ ಆಗಸ್ಟಿನಲ್ಲಿ. ಆಗ ಅಲ್ಲಿ ಬೆವರು ಸುರಿಯುವ ಸೆಕೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕೈ ಮರಗಟ್ಟುವ ಚಳಿ. ಈ ಚಳಿಯ ಬಗ್ಗೆ ನನ್ನದೊಂದು ವಾದವಿದೆ. ದೂರದಿಂದ ಬಂದ ಶಿಕ್ಷಕರನ್ನು ಹಣ್ಣುಮಾಡುವ ಚಳಿಯಲ್ಲಿ ಆಕಾಶದ ಪಾಲು ಕಡಿಮೆ. ಹೆಚ್ಚಿನ ಪಾಲು ಕಟ್ಟಡದ್ದು, ಗಡಿಯಾರದ್ದು, ಶಾಲೆಯ ಪಂಚಾಂಗದ್ದು. ಅಂದರೆ ಮನುಷ್ಯರು ಮಾಡಿಟ್ಟ ಏರ್ಪಾಡಿನದು. ಏರ್ಪಾಡು ಎಂದ ಮೇಲೆ ಅದನ್ನು ತಿಳಿದುಕೊಳ್ಳಬಹುದು, ಬೇಕಾದರೆ ತಿದ್ದಲೂಬಹುದು.

ಮೊದಲು ಇಬ್ಬರು ಶಿಕ್ಷಕರನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಇಬ್ಬರೂ ಹತ್ತೊಂಬತ್ತನೆಯ ಶತಮಾನದವರು, ಇಬ್ಬರೂ ಜಪಾನಿಗೆ ಪಾಠ ಹೇಳಲು ಹೋದವರು. ಒಬ್ಬರು ವಿಲಿಯಂ ಕ್ಲಾರ್ಕ್. ಅಮೆರಿಕದ ಮ್ಯಾಸಚೂಸೆಟ್ಸಿನವರು, ಅಲ್ಲಿನ ಕೃಷಿ ಕಾಲೇಜಿನ ಅಧ್ಯಕ್ಷರು. 1876ರ ಬೇಸಿಗೆಯಲ್ಲಿ ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪಕ್ಕೆ ಬಂದರು. ಸಪ್ಪೊರೊದಲ್ಲಿ ಹೊಸ ಕೃಷಿ ಕಾಲೇಜು ಆರಂಭಿಸಿದರು. ಮುಂದಿನ ಏಪ್ರಿಲಿನಲ್ಲಿ ಹೊರಟರು. ಅಂದರೆ ಅವರು ಅಲ್ಲಿ ಕಳೆದದ್ದು ಒಂದೇ ಒಂದು ಚಳಿಗಾಲ. ಆ ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಿಮದ ಬೆಟ್ಟ ಹತ್ತಿದರು. ಮರದ ಎತ್ತರದಲ್ಲಿದ್ದ ಕಲ್ಲುಹೂವನ್ನು ಕೀಳಲು ಒಬ್ಬ ಹುಡುಗನನ್ನು ತಮ್ಮ ಬೆನ್ನ ಮೇಲೆಯೇ ನಿಲ್ಲಿಸಿಕೊಂಡರಂತೆ. ಸಪ್ಪೊರೊದಲ್ಲಿ ಈ ಕತೆಯನ್ನು ಈಗಲೂ ಹೇಳುತ್ತಾರೆ. ಇನ್ನೊಬ್ಬರು ಲೆಫ್ಕಾಡಿಯೊ ಹರ್ನ್, ಜಪಾನಿನ ಕತೆಗಳನ್ನು ಜಗತ್ತಿಗೆ ಪರಿಚಯಿಸಿದ ಲೇಖಕ. 1890ರಲ್ಲಿ ಮಾತ್ಸುಯೆ ಎಂಬ ಊರಿನ ಶಾಲೆಗೆ ಇಂಗ್ಲಿಷ್ ಶಿಕ್ಷಕರಾಗಿ ಬಂದರು. ಅದಕ್ಕೂ ಮುಂಚೆ ಎರಡು ವರ್ಷ ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪದ ಬಿಸಿಲಲ್ಲಿದ್ದವರು. ಮಾತ್ಸುಯೆಯ ಮೊದಲ ಚಳಿಗಾಲದಲ್ಲೇ ಹಾಸಿಗೆ ಹಿಡಿದರು. 1891ರ ನವೆಂಬರಿನಲ್ಲಿ, ಎರಡನೆಯ ಚಳಿಗಾಲ ಬರುವ ಮೊದಲೇ, ದಕ್ಷಿಣದ ಕುಮಾಮೊಟೊಗೆ ಹೊರಟುಹೋದರು. ಅಲ್ಲಿ ಸಂಬಳ ಎರಡರಷ್ಟು ಎನ್ನುವುದೂ ನಿಜ. ಆದರೂ ಚಳಿ ಒಂದು ಮುಖ್ಯ ಕಾರಣವಾಗಿತ್ತು. ಈಗ ಎರಡೂ ಊರುಗಳ ಲೆಕ್ಕ ಕೇಳಿ. ಇಂದಿನ ಸರಾಸರಿಯಲ್ಲಿ ಸಪ್ಪೊರೊದ ಜನವರಿ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಮಾತ್ಸುಯೆಯ ಜನವರಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೆ. ಹೆಚ್ಚು ಚಳಿಯ ಊರಿನಲ್ಲಿ ಒಬ್ಬರು ಬೆಟ್ಟ ಹತ್ತಿದರು. ಕಡಿಮೆ ಚಳಿಯ ಊರಿನಲ್ಲಿ ಇನ್ನೊಬ್ಬರು ಮಲಗಿದರು.

ಇದಕ್ಕೆ ಒಂದು ಸುಲಭ ವಿವರಣೆ ಇದೆ. ಕ್ಲಾರ್ಕ್ ಚಳಿನಾಡಿನವರು, ಹರ್ನ್ ಬಿಸಿಲಿಗೆ ಒಗ್ಗಿದವರು ಎಂದುಬಿಡಬಹುದು. ಮೈಯ ರೂಢಿಯ ಪಾತ್ರ ಇದ್ದೇ ಇದೆ, ಅಲ್ಲಗಳೆಯಲಾರೆ. ಆದರೆ ಇಬ್ಬರೂ ವಾಸಮಾಡಿದ ಕಟ್ಟಡಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಹೊಕ್ಕೈಡೊದಲ್ಲಿ ಆಗ ಸರ್ಕಾರ ಅಮೆರಿಕದ ಮಾದರಿಯ ಕಟ್ಟಡಗಳನ್ನು ಎಬ್ಬಿಸುತ್ತಿತ್ತು. ಹಲಗೆಯ ಗೋಡೆ, ಗಾಜಿನ ಕಿಟಕಿ, ಕಬ್ಬಿಣದ ಒಲೆ. ಹೊಸ ನಾಡು, ಹೊಸ ಕಾಲೇಜು. ಹಳೆಯ ಪದ್ಧತಿಯ ಹಂಗಿರಲಿಲ್ಲ. ಮಾತ್ಸುಯೆ ಹಳೆಯ ಕೋಟೆಯೂರು. ಅಲ್ಲಿನ ಮನೆಗಳಿಗೆ ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಜಾರುಬಾಗಿಲುಗಳು. ಬೇಸಿಗೆಯಲ್ಲಿ ಗಾಳಿ ಆಡಲಿ ಎಂದು ನೆಲದಿಂದ ಎತ್ತರಿಸಿ ಕಟ್ಟಿದ ಮನೆಗಳು. ಕಾಯಿಸಿಕೊಳ್ಳಲು ಇದ್ದದ್ದು ಕೆಂಡದ ಅಗ್ಗಿಷ್ಟಿಕೆ. ಕೈ ಬೆಚ್ಚಗಾಗುತ್ತದೆ, ಬೆನ್ನು ಬೆಚ್ಚಗಾಗುವುದಿಲ್ಲ. ಇನ್ನೊಂದು ಸಂಗತಿ. ಹರ್ನ್ ಓಡಿಹೋದ ಕುಮಾಮೊಟೊದ ಜನವರಿ ಮಾತ್ಸುಯೆಗಿಂತ ಒಂದೂವರೆ ಡಿಗ್ರಿಯಷ್ಟೇ ಮೇಲೆ. ಒಂದೂವರೆ ಡಿಗ್ರಿಗಾಗಿ ಊರು ಬಿಟ್ಟವರು ಅಲ್ಲಿಯೂ ಅಂಥದೇ ಮನೆ ಸೇರಿದರು, ಅಲ್ಲಿಯೂ ಚಳಿಯನ್ನು ಬೈದರು. ಊರು ಬದಲಾಯಿತು, ಮನೆಯ ಕಟ್ಟಣೆ ಬದಲಾಗಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಥರ್ಮಾಮೀಟರ್ ತೋರಿಸುವ ಅಂಕಿಯೊಂದರಿಂದಲೇ ಪರದೇಶದ ಶಿಕ್ಷಕರ ಚಳಿ ತೀರ್ಮಾನವಾಗುವುದಿಲ್ಲ. ಹಾಗೆಂದು ಆಕಾಶಕ್ಕೆ ಪಾಲೇ ಇಲ್ಲ ಎಂದರೆ ಅದು ಹಟವಾದೀತು. ಆ ಪಾಲೇನು ಎಂಬುದನ್ನು ಈಗ ಅಳೆಯೋಣ. ಜಪಾನ್ ಉದ್ದನೆಯ ದೇಶ. ನಡುವೆ ಬೆನ್ನೆಲುಬಿನಂತೆ ಬೆಟ್ಟಸಾಲು. ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಕುಳಿರ್ಗಾಳಿ ಹೊರಡುತ್ತದೆ. ದಾರಿಯಲ್ಲಿ ಜಪಾನ್ ಸಮುದ್ರ. ಅಲ್ಲಿ ದಕ್ಷಿಣದಿಂದ ಬರುವ ಬೆಚ್ಚಗಿನ ನೀರಿನ ಹರಿವಿದೆ. ಗಾಳಿ ಆ ನೀರಿನಿಂದ ತೇವ ಹೀರುತ್ತದೆ, ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಪಡುವಣ ಮಗ್ಗುಲಲ್ಲಿ ಹಿಮ ಸುರಿಸುತ್ತದೆ. ಮೂಡಣ ಮಗ್ಗುಲಿಗೆ ದಾಟುವಾಗ ಬರಿದಾಗಿರುತ್ತದೆ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಗೆ ವರ್ಷಕ್ಕೆ ಏಳು ಮೀಟರಿನಷ್ಟು ಮಳೆ. ಘಟ್ಟದ ಆಚೆಯ ಚಳ್ಳಕೆರೆಗೆ ಅರ್ಧ ಮೀಟರ್ ಬಂದರೆ ಪುಣ್ಯ. ಅಲ್ಲಿನ ಲೆಕ್ಕವೂ ಹಾಗೆಯೇ, ಮಳೆಯ ಜಾಗದಲ್ಲಿ ಹಿಮ. ಪಡುವಣದ ಅವೊಮೊರಿ ನಗರದಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮವನ್ನೆಲ್ಲ ಕೂಡಿದರೆ ಆರು ಮೀಟರಿನ ಸುಮಾರು. ಟೋಕಿಯೊದಲ್ಲಿ ಹಿಮ ಬಿದ್ದರೆ ಅದೇ ಸುದ್ದಿ. ಬಿಸಿಲಿನ ಲೆಕ್ಕ ಇನ್ನೂ ಸೋಜಿಗ. ಟೋಕಿಯೊದಲ್ಲಿ ಜನವರಿ ತಿಂಗಳಿಗೆ 190 ಗಂಟೆಯಷ್ಟು ಬಿಸಿಲು. ಪಡುವಣ ಕರಾವಳಿಯ ಅಕಿಟಾದಲ್ಲಿ 40 ಗಂಟೆ. ದಿನಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು. ಹಾಗಾಗಿ 'ಜಪಾನಿನ ಚಳಿಗಾಲ ಹೇಗಿರುತ್ತದೆ' ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಬೆಟ್ಟದ ಯಾವ ಮಗ್ಗುಲಿನ ಶಾಲೆ ಎಂದು ಕೇಳಬೇಕು. ಇದಿಷ್ಟು ಆಕಾಶದ ಪಾಲು, ಅದನ್ನು ಒಪ್ಪಿಕೊಳ್ಳೋಣ. ಇನ್ನು ಒಳಗೆ ಹೋಗೋಣ.

ಹೊರಗಿನ ಮಾತು ಮುಗಿಯಿತು. ಬೆಟ್ಟದ ಮಗ್ಗುಲು ಹಿಮವನ್ನೂ ಬಿಸಿಲನ್ನೂ ಹಂಚುತ್ತದೆ ಎಂದು ಕಂಡೆವು. ಮನೆಯ ಒಳಗಿನ ಲೆಕ್ಕ ಮಾತ್ರ ಇದಕ್ಕೆ ತಿರುವುಮುರುವು. ಜಪಾನಿನಲ್ಲಿ ಮನೆಗಳ ನಡುಮನೆಯ ಶಾಖವನ್ನು ಚಳಿಗಾಲದಲ್ಲಿ ಅಳೆದು ನೋಡಿದ್ದಾರೆ. ಎಲ್ಲಕ್ಕಿಂತ ಬೆಚ್ಚಗಿನ ಮನೆಗಳು ಎಲ್ಲಿ ಸಿಕ್ಕವು ಗೊತ್ತೇ? ಎಲ್ಲಕ್ಕಿಂತ ಚಳಿಯಾದ ಹೊಕ್ಕೈಡೊದಲ್ಲಿ. ಸರಾಸರಿ 20 ಡಿಗ್ರಿಯ ಹತ್ತಿರ. ಎಲ್ಲಕ್ಕಿಂತ ತಣ್ಣಗಿನ ಮನೆಗಳು ಹವೆ ಹಿತವಾಗಿರುವ ಕಗಾವಾ ಪ್ರಾಂತದಲ್ಲಿ. ಅಲ್ಲಿ ಸುಮಾರು 13 ಡಿಗ್ರಿ. ಕಾರಣ ಗುಟ್ಟಿನದಲ್ಲ. ಹೊಕ್ಕೈಡೊದಲ್ಲಿ ಬೆಚ್ಚಗಿನ ಮನೆ ಕಟ್ಟುವುದಕ್ಕೆ ಉತ್ತೇಜನ ಕೊಡಲೆಂದೇ 1953ರಲ್ಲಿ ಕಾನೂನು ಬಂತು. ಗೋಡೆಯೊಳಗೆ ಶಾಖ ಹಿಡಿದಿಡುವ ಪದರ, ಜೋಡಿ ಕಿಟಕಿ, ಹೊಗೆಯನ್ನು ಹೊರಕ್ಕೆ ಕಳಿಸುವ ಒಲೆ, ಇವೆಲ್ಲ ಕ್ರಮೇಣ ಅಲ್ಲಿ ರೂಢಿಯಾದವು. ದೇಶದ ಉಳಿದೆಡೆ ಹೊಸ ಮನೆಗಳಿಗೆಲ್ಲ ಇಂಥ ಪದರ ಕಡ್ಡಾಯವಾದದ್ದು ತೀರಾ ಈಚೆಗೆ, 2025ರ ಏಪ್ರಿಲಿನಲ್ಲಿ. ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಕೋಣೆಯನ್ನು ಕಾಯಿಸುವ ಗೋಜಿಲ್ಲ. ಕೂತ ಮನುಷ್ಯನನ್ನು ಕಾಯಿಸಿದರೆ ಸಾಕು. ಅದಕ್ಕಾಗಿ ಮಾಡಿಕೊಂಡದ್ದು ಕೊಟಾಟ್ಸು. ಮೊಣಕಾಲೆತ್ತರದ ಮೇಜು. ಅದರ ಅಡಿಗೆ ವಿದ್ಯುತ್ತಿನ ಕಾವು. ಮೇಲೆ ನಾಲ್ಕೂ ಕಡೆ ಇಳಿಬಿದ್ದ ದಪ್ಪ ಕೌದಿ. ಕಾಲನ್ನು ಕೌದಿಯೊಳಗೆ ತೂರಿಸಿ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ, ಕಿತ್ತಳೆ ಸುಲಿಯುತ್ತಾರೆ. ಸೊಂಟದ ಕೆಳಗೆ ಸ್ವರ್ಗ. ಎದ್ದು ಅಡುಗೆಮನೆಗೆ ಹೋದರೆ ಉಸಿರು ಹೊಗೆಯಾಗುತ್ತದೆ. ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವ ಹೊಸ ಶಿಕ್ಷಕರಿಗೆ ಇದು ತಿಳಿಯುವುದಿಲ್ಲ. ಅವರು ಇಡೀ ಮನೆಯನ್ನು ಕಾಯಿಸಲು ಹೋಗುತ್ತಾರೆ. ಕಾವು ಕಿಟಕಿಯ ತೆಳುಗಾಜಿನಿಂದ ಹೊರಗೆ ಹೋಗುತ್ತದೆ, ಸಂಬಳ ಸೀಮೆಎಣ್ಣೆಗೆ ಹೋಗುತ್ತದೆ. ನಮ್ಮಲ್ಲಿ ಪಡಿತರದ ಸಾಲಿನ ನೆನಪಾಗಿ ಉಳಿದಿರುವ ಸೀಮೆಎಣ್ಣೆ ಅಲ್ಲಿ 18 ಲೀಟರಿನ ಡಬ್ಬಿಗಳಲ್ಲಿ ಈಗಲೂ ಮನೆಮನೆಗೆ ಬರುತ್ತದೆ. ಹೊತ್ತು ತರುವ ಲಾರಿ ಬೀದಿಯಲ್ಲಿ ಹಾಡು ಹಾಕಿಕೊಂಡು ಬರುತ್ತದೆ.

ಮನೆಯ ಮಾತು ಹೇಳಿದೆ. ಚಳಿಯೂರಿನ ಮನೆ ಬೆಚ್ಚಗೆ, ಹಿತವಾದ ಊರಿನ ಮನೆ ತಣ್ಣಗೆ. ಈಗ ಶಾಲೆಗೆ ಹೋಗೋಣ. ಶಿಕ್ಷಕರು ಹಗಲೆಲ್ಲ ಇರುವುದು ಅಲ್ಲಿಯೇ. ಜಪಾನಿನ ಶಾಲೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಮೂರು ಅಂತಸ್ತಿನ ಕಾಂಕ್ರೀಟ್ ಕಟ್ಟಡ. ಒಂದು ಬದಿಗೆ ತರಗತಿಗಳು, ಇನ್ನೊಂದು ಬದಿಗೆ ಉದ್ದಕ್ಕೂ ಪಡಸಾಲೆ. ಒಳಗೆ ಕಾಲಿಡುವಾಗ ಹೊರಗಿನ ಪಾದರಕ್ಷೆ ಬಿಟ್ಟು ತೆಳು ಅಟ್ಟೆಯ ಒಳಜೋಡು ಹಾಕಿಕೊಳ್ಳಬೇಕು. ಶಿಕ್ಷಕರೆಲ್ಲ ಒಟ್ಟಿಗೆ ಕೂರುವ ದೊಡ್ಡ ಕೋಣೆ ಬೆಚ್ಚಗಿರುತ್ತದೆ. ತರಗತಿ ಸುಮಾರಾಗಿ ಬೆಚ್ಚಗೆ. ಪಡಸಾಲೆಯಲ್ಲಿ, ಮೆಟ್ಟಿಲಲ್ಲಿ, ಶೌಚದ ಕಡೆ ಹೊರಗಿನ ಚಳಿಯೇ. ಸಭೆ, ಪದವಿ ಪ್ರದಾನ ಎಲ್ಲವೂ ನಡೆಯುವ ವ್ಯಾಯಾಮದ ಸಭಾಂಗಣವಂತೂ ಐಸುಪೆಟ್ಟಿಗೆ. ದೇಶದ ಸರ್ಕಾರಿ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳ ಹತ್ತು ತರಗತಿ ಕೋಣೆಗಳಲ್ಲಿ ಒಂಬತ್ತಕ್ಕೂ ಹೆಚ್ಚು ಕೋಣೆಗಳಿಗೆ ಈಗ ಹವಾನಿಯಂತ್ರಕ ಬಂದಿದೆ. ಅದು ಬಂದದ್ದು ಬೇಸಿಗೆಯ ಬೇಗೆಗೆ ಹೆದರಿ. ಸಭಾಂಗಣಗಳಲ್ಲಿ ಬಹುಪಾಲಿಗೆ ಇನ್ನೂ ಬಂದಿಲ್ಲ. ಇದಕ್ಕೆಲ್ಲ ಒಂದು ಸರ್ಕಾರಿ ಮಾನದಂಡವಿದೆ. ತರಗತಿಯಲ್ಲಿ ಇರಬೇಕಾದ ಕನಿಷ್ಠ ಶಾಖ ಎಷ್ಟು ಎಂದು ಶಿಕ್ಷಣ ಇಲಾಖೆ ಹೇಳುತ್ತದೆ. ಬಹುಕಾಲ ಅದು 10 ಡಿಗ್ರಿ ಆಗಿತ್ತು. ಕೇಳುಗರೇ, ಹತ್ತು ಡಿಗ್ರಿ ಎಂದರೆ ಬೆಂಗಳೂರಿನಲ್ಲಿ ಹೊದಿಕೆ ಬಿಟ್ಟು ಯಾರೂ ಏಳದ ಚಳಿ. ಆ ಚಳಿಯಲ್ಲಿ ಮಕ್ಕಳು ಲೆಕ್ಕ ಮಾಡಬಹುದು ಎಂಬುದು ನಿಯಮವಾಗಿತ್ತು. 2018ರಲ್ಲಿ ಅದನ್ನು 17ಕ್ಕೆ ಏರಿಸಿದರು. 2022ರಲ್ಲಿ 18 ಮಾಡಿದರು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆಕಾಶ ನಾಲ್ಕು ವರ್ಷದಲ್ಲಿ ಎಂಟು ಡಿಗ್ರಿ ಬೆಚ್ಚಗಾಗಲಿಲ್ಲ. ಕಾಗದದ ಮೇಲಿನ ಅಂಕಿ ಬದಲಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದು ತೂಕದ ಆಕ್ಷೇಪವೇ. 'ಚಳಿ ತಡೆದುಕೊಂಡರೆ ಮಕ್ಕಳು ಗಟ್ಟಿಯಾಗುತ್ತಾರೆ. ಸಹನೆ ಒಂದು ಗುಣ. ಕೋಣೆಯನ್ನೆಲ್ಲ ಕಾಯಿಸುವುದು ದುಂದು. ಮನುಷ್ಯನನ್ನಷ್ಟೇ ಕಾಯಿಸುವ ಹಳೆಯ ಪದ್ಧತಿ ಮಿತವ್ಯಯದ್ದು, ಭೂಮಿಗೂ ಹಗುರ.' ಮಿತವ್ಯಯದ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಕೊಟಾಟ್ಸು ಜಾಣ ಸಾಧನ. ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಚೀಲವೂ ಅಷ್ಟೆ. ಅದರೊಳಗೆ ಕಬ್ಬಿಣದ ಪುಡಿ ಇರುತ್ತದೆ. ಗಾಳಿ ಸೋಕಿ ತುಕ್ಕು ಹಿಡಿಯುವಾಗ ಕಾವು ಹೊರಡುತ್ತದೆ, ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಆದರೆ ಮೈ ಗಟ್ಟಿಯಾಗುತ್ತದೆ ಎಂಬ ಮಾತಿಗೆ ಲೆಕ್ಕ ಬೇರೆ ಉತ್ತರ ಕೊಡುತ್ತದೆ. ಚಳಿಗಾಲದಲ್ಲಿ ಸಾವುಗಳು ಎಲ್ಲ ಕಡೆಯೂ ಹೆಚ್ಚುತ್ತವೆ. ಹೊಕ್ಕೈಡೊದಲ್ಲಿ ಈ ಏರಿಕೆ ನೂರಕ್ಕೆ ಹತ್ತರಷ್ಟು, ದೇಶದಲ್ಲೇ ಕಡಿಮೆ. ಟೋಕಿಯೊದ ಉತ್ತರಕ್ಕಿರುವ ಟೊಚಿಗಿ ಪ್ರಾಂತದಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು. ಹೊರಗೆ ಚಳಿ ಜಾಸ್ತಿ ಇದ್ದರೂ ಮನೆ ಬೆಚ್ಚಗಿರುವ ಕಡೆ ಸಾವಿನ ಏರಿಕೆ ಕಡಿಮೆ. ಇನ್ನೊಂದು ಕಹಿ ಸಂಗತಿ. ಜಪಾನಿನಲ್ಲಿ ರಸ್ತೆ ಅಪಘಾತದಲ್ಲಿ ಸಾಯುವವರಿಗಿಂತ ಮನೆಯ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸಾಯುವವರು ಹೆಚ್ಚು. ಬಹುಮಂದಿ ಮುದುಕರು, ಹೆಚ್ಚಾಗಿ ಚಳಿಗಾಲದಲ್ಲಿ. ತಣ್ಣಗಿನ ಕೋಣೆಯಲ್ಲಿ ಬಟ್ಟೆ ಕಳಚಿ, ನಲವತ್ತು ಡಿಗ್ರಿ ದಾಟಿದ ನೀರಿಗೆ ಇಳಿದಾಗ ರಕ್ತದೊತ್ತಡ ಏರಿ ಇಳಿದು ಪ್ರಜ್ಞೆ ತಪ್ಪುತ್ತದೆ. ಮನೆಯೊಳಗೆ 18 ಡಿಗ್ರಿಯಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದು ಸುಖಕ್ಕಾಗಿ ಅಲ್ಲ. ಸಹನೆ ಗುಣವಿರಬಹುದು. ಆದರೆ ಕೋಣೆಯ ದೋಷವನ್ನು ಮನುಷ್ಯನ ಗುಣದಿಂದ ಮುಚ್ಚುವುದು ಬೇರೆ ಮಾತು. ಹೊರಗಿನಿಂದ ಬಂದ ಶಿಕ್ಷಕರು ಈ ವ್ಯತ್ಯಾಸ ಅರಿಯದೆ, ಎಲ್ಲರೂ ತಡೆಯುತ್ತಿದ್ದಾರೆ, ನನ್ನ ಮೈಯೇ ದುರ್ಬಲ ಎಂದು ಕುಗ್ಗುತ್ತಾರೆ. ಎಲ್ಲರೂ ತಡೆಯುತ್ತಿಲ್ಲ. ಎಲ್ಲರೂ ಅಂಗಿಯೊಳಗೆ ಎರಡು ಒಳ ಅಂಗಿ ಹಾಕಿದ್ದಾರೆ, ಸೊಂಟಕ್ಕೆ ಆ ಕಬ್ಬಿಣದ ಪುಡಿಯ ಚೀಲ ಅಂಟಿಸಿಕೊಂಡಿದ್ದಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಕಟ್ಟಡದ ಮಾತಾಯಿತು. ಎರಡನೆಯದು ಗಡಿಯಾರ. ಇಲ್ಲಿ ಎದುರಾಗುವ ಆಕ್ಷೇಪ ಇನ್ನೂ ಬಲವಾದದ್ದು. 'ಚಳಿಗೆ ಒಲೆ ಹಚ್ಚಬಹುದು, ಕತ್ತಲೆಗೆ ಏನು ಮಾಡುತ್ತೀರಿ? ಉತ್ತರದ ಕತ್ತಲೆ ಮೆದುಳನ್ನೇ ಹಿಡಿಯುತ್ತದೆ. ಅದು ಏರ್ಪಾಡಲ್ಲ, ನಿಸರ್ಗ.' ಇದರಲ್ಲಿ ಸತ್ಯವಿದೆ. ಚಳಿಗಾಲದಲ್ಲಿ ಮಾತ್ರ ಬರುವ ಖಿನ್ನತೆಯನ್ನು ನಾರ್ಮನ್ ರೋಸೆಂತಾಲ್ ಮತ್ತು ಜೊತೆಗಾರರು 1984ರಲ್ಲಿ ವಿವರಿಸಿದರು. ರೋಸೆಂತಾಲ್ ಸ್ವತಃ ವಲಸಿಗರು. ದಕ್ಷಿಣ ಆಫ್ರಿಕಾದ ಬಿಸಿಲು ಬಿಟ್ಟು ಅಮೆರಿಕಕ್ಕೆ ಬಂದ ಮೇಲೆ ಚಳಿಗಾಲದಲ್ಲಿ ತಮ್ಮ ಉತ್ಸಾಹ ಕುಗ್ಗುವುದನ್ನು ಗಮನಿಸಿದವರು. ಅವರು ಕಂಡ ಮದ್ದು ಬೆಳಕು. ಬೆಳಿಗ್ಗೆ ಅರ್ಧ ಗಂಟೆ, 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂರುವುದು ಈಗ ರೂಢಿಯಲ್ಲಿರುವ ಚಿಕಿತ್ಸೆ. ಈಗ ಶಾಲೆಯ ಲೆಕ್ಕ ನೋಡಿ. ಜಪಾನಿನ ನಿಯಮದಂತೆ ತರಗತಿಗೆ ಬೇಕಾದ ಕನಿಷ್ಠ ಬೆಳಕು 300 ಲಕ್ಸ್. ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಹಾಗಾದರೆ ಶಿಕ್ಷಕರು ಯಾವಾಗ ಹೊರಗಿರುತ್ತಾರೆ? ಸಪ್ಪೊರೊದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳಕ್ಕೆ, ಮುಳುಗುವುದು ಸಂಜೆ ನಾಲ್ಕಕ್ಕೆ. ದಕ್ಷಿಣದ ಫುಕುಒಕಾದಲ್ಲಿ ಅದೇ ದಿನ ಐದೂಕಾಲಿನವರೆಗೆ ಬಿಸಿಲಿರುತ್ತದೆ. ಇಡೀ ದೇಶಕ್ಕೆ ಒಂದೇ ಗಡಿಯಾರ. ಶಾಲೆಯ ಹೊತ್ತೂ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಉತ್ತರದ ಶಾಲೆಯಲ್ಲಿ ನಾಲ್ಕೂವರೆಗೆ ಬಾಗಿಲಿಂದ ಹೊರಬಿದ್ದವರಿಗೆ ರಾತ್ರಿಯೇ ಎದುರಾಗುತ್ತದೆ. ಹೀಗಾಗಿ ಕತ್ತಲೆ ನಿಸರ್ಗದ್ದಾದರೂ, ಇದ್ದ ಒಂಬತ್ತು ಗಂಟೆಯ ಬೆಳಕನ್ನು ಗೋಡೆಯೊಳಗೆ ಕಳೆಯುವುದು ವೇಳಾಪಟ್ಟಿಯ ತೀರ್ಮಾನ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಹಿಮಕ್ಕೆ ಓಡುತ್ತಾರೆ. ಅವರ ಹಿಂದೆ ಇಪ್ಪತ್ತು ನಿಮಿಷ ಹೊರಗೆ ನಿಲ್ಲುವ ಶಿಕ್ಷಕರಿಗೆ ಆ ದಿನದ ಬೆಳಕು ಸಿಕ್ಕಿತು. ಬೆಚ್ಚಗಿನ ಕೋಣೆಯಲ್ಲಿ ಉಳಿದವರಿಗೆ ಸಿಗಲಿಲ್ಲ. ಖಿನ್ನತೆ ನಿಜವಾಗಿ ಹಿಡಿದಿದ್ದರೆ ವೈದ್ಯರೇ ಬೇಕು, ಇಪ್ಪತ್ತು ನಿಮಿಷ ಸಾಲದು. ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ಕಟ್ಟಡ ಕಂಡೆವು, ಗಡಿಯಾರ ಕಂಡೆವು. ಉಳಿದದ್ದು ಪಂಚಾಂಗ. ನನಗನ್ನಿಸುವಂತೆ ಮೂರರಲ್ಲಿ ಹೆಚ್ಚು ಬಾಧಿಸುವುದು ಇದೇ, ಕಡಿಮೆ ಚರ್ಚೆಯಾಗುವುದೂ ಇದೇ. ಜಪಾನಿನ ಶಾಲಾ ವರ್ಷ ಏಪ್ರಿಲಿಗೆ ಶುರು, ಮಾರ್ಚಿಗೆ ಮುಗಿತಾಯ. ಹಾಗಾಗಿ ಪರೀಕ್ಷೆಗಳ ಕಾಲ ನಡುಚಳಿಯಲ್ಲೇ ಬೀಳುತ್ತದೆ. ವಿಶ್ವವಿದ್ಯಾಲಯ ಪ್ರವೇಶದ ಸಾಮಾನ್ಯ ಪರೀಕ್ಷೆ ಜನವರಿಯ ಮಧ್ಯದಲ್ಲಿ. ಸುಮಾರು ಐದು ಲಕ್ಷ ಮಂದಿ ಹಿಮ, ನೆಗಡಿ, ರೈಲು ತಡ ಎಲ್ಲವನ್ನೂ ದಾಟಿ ಬರೆಯುತ್ತಾರೆ. ಪ್ರೌಢಶಾಲೆಗಳ ಪ್ರವೇಶ ಪರೀಕ್ಷೆ ಫೆಬ್ರವರಿ, ಮಾರ್ಚಿನಲ್ಲಿ. ಪರೀಕ್ಷೆ ಹತ್ತಿರ ಬಂದಂತೆ ಪಾಠದ ರೀತಿ ಬದಲಾಗುತ್ತದೆ. ಮಾತು, ಆಟ, ಹಾಡು ನಿಲ್ಲುತ್ತವೆ. ವ್ಯಾಕರಣ, ಉರು ಹೊಡೆಯುವುದು ಶುರುವಾಗುತ್ತದೆ. ಆಟ, ಹಾಡುಗಳಿಗಾಗಿಯೇ ಕರೆಸಿದ ಪರದೇಶದ ಸಹಾಯಕರಿಗೆ ಕೆಲಸ ತೆಳುವಾಗುತ್ತದೆ. ಜ್ವರ ಹಬ್ಬಿದರೆ ಇಡೀ ತರಗತಿಯನ್ನೇ ಕೆಲವು ದಿನ ಮುಚ್ಚುತ್ತಾರೆ. ಅಲ್ಲಿಗೆ ಉಳಿದ ಪಾಠವೂ ಹೋಯಿತು. ನಡುವೆ ಹೊಸ ವರ್ಷದ ರಜೆ. ಹೆಚ್ಚಿನ ಕಡೆ ಎರಡು ವಾರ. ಹೊಕ್ಕೈಡೊದಲ್ಲಿ ಬೇಸಿಗೆ ರಜೆಯಿಂದ ಕಡಿಮೆ ಮಾಡಿ ಚಳಿಗಾಲಕ್ಕೆ ಸೇರಿಸಿ ಮೂರು ವಾರ ದಾಟುತ್ತದೆ. ಜನವರಿಯ ಮೊದಲ ಮೂರು ದಿನ ಎಲ್ಲರೂ ತಂತಮ್ಮ ಹುಟ್ಟೂರಿನಲ್ಲಿ. ಸಣ್ಣ ಊರುಗಳಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ಯುಗಾದಿಯ ದಿನ ಗುರುತಿನ ಒಂದು ಮನೆಯೂ ಇಲ್ಲದ ಊರಿನಲ್ಲಿ ಸಿಕ್ಕಿಕೊಂಡವರ ಪಾಡನ್ನು ನೆನೆದುಕೊಳ್ಳಿ. ಆ ದಿನಗಳ ಭಾರವನ್ನು ಜನ ಚಳಿಯ ಲೆಕ್ಕಕ್ಕೆ ಬರೆಯುತ್ತಾರೆ. ಅದು ಕೆಲಸವಿಲ್ಲದ, ನೆಂಟರಿಲ್ಲದ ದಿನಗಳ ಭಾರ. ಜುಲೈಯಲ್ಲಿ ಅದೇ ಪಂಚಾಂಗ ಬಿದ್ದಿದ್ದರೆ ಸೆಕೆಯನ್ನು ಬೈಯುತ್ತಿದ್ದರು. ಊಟದ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಶಾಲೆಯಲ್ಲಿ ಬಿಸಿಯೂಟವಿದೆ. 1954ರ ಕಾನೂನಿನ ಬಲದಿಂದ ಬೆಳೆದ ಏರ್ಪಾಡು. ಮಕ್ಕಳೇ ಬಿಳಿ ಅಂಗಿ ತೊಟ್ಟು ಬಡಿಸುತ್ತಾರೆ. ಚಳಿಯಲ್ಲಿ ಅದು ಎಷ್ಟು ಹಿತ ಎಂದು ಹೇಳಬೇಕಾಗಿಲ್ಲ. ಆದರೆ ಸಾರಿನ ತಳದಲ್ಲಿ ಒಣಮೀನಿನ ರಸ ಇದ್ದೇ ಇರುತ್ತದೆ. ನಮ್ಮ ಸಸ್ಯಾಹಾರಿಗಳು ಮೊದಲ ವಾರವೇ ಡಬ್ಬಿ ಕಟ್ಟಿಕೊಳ್ಳಲು ಕಲಿಯುವುದು ಮೇಲು.

ಪಂಚಾಂಗ ಒಂಟಿತನವನ್ನು ಚಳಿಯ ಹೆಸರಿನಲ್ಲಿ ತಂದುಕೊಡುತ್ತದೆ ಎಂದೆ. ಅದೇ ಶಾಲೆ ಅದನ್ನು ಕಳೆಯುವ ದಾರಿಯನ್ನೂ ಇಟ್ಟುಕೊಂಡಿದೆ. ಹಿಮನಾಡಿನ ಶಾಲೆಗಳು ಚಳಿಗಾಲವನ್ನು ಒಂದು ವಿಷಯದಂತೆ ಕಲಿಸುತ್ತವೆ. ಹೊಕ್ಕೈಡೊದಲ್ಲಿ ವ್ಯಾಯಾಮದ ತರಗತಿಯೆಂದರೆ ಸ್ಕೀ. ಹಿಮ ಕಡಿಮೆ ಬಿದ್ದು ನೆಲ ಗಟ್ಟಿಯಾಗಿ ಹೆಪ್ಪುಗಟ್ಟುವ ಒಬಿಹಿರೊ ಸೀಮೆಯಲ್ಲಿ ಸ್ಕೇಟಿಂಗ್. ಅಲ್ಲಿ ತಂದೆತಾಯಿಗಳೂ ಶಿಕ್ಷಕರೂ ಸೇರಿ ಶಾಲೆಯ ಅಂಗಳಕ್ಕೆ ರಾತ್ರಿ ನೀರು ಹಾಯಿಸುತ್ತಾರೆ. ಪದರದ ಮೇಲೆ ಪದರ ಹೆಪ್ಪುಗಟ್ಟಿ ಅಂಗಳ ಕನ್ನಡಿಯಾಗುತ್ತದೆ. ಜಪಾನಿಗೆ ಸ್ಕೀ ಕಲಿಸಿದ್ದೇ ಹೊರಗಿನವರೊಬ್ಬರು. ಥಿಯೋಡರ್ ಫಾನ್ ಲೆರ್ಖ್, ಆಸ್ಟ್ರಿಯಾ ಹಂಗೆರಿಯ ಸೇನಾಧಿಕಾರಿ. 1911ರ ಜನವರಿಯಲ್ಲಿ ಟಕಾಡಾ ಎಂಬ ಊರಿನಲ್ಲಿ ಸೈನಿಕರಿಗೆ ಹೇಳಿಕೊಟ್ಟರು. ಟಕಾಡಾ ಎಂಥ ಊರೆಂದರೆ, 1945ರಲ್ಲಿ ಅಲ್ಲಿ ಹಿಮದ ಎತ್ತರ ನಾಲ್ಕು ಮೀಟರಿನ ಹತ್ತಿರಕ್ಕೆ ಏರಿತ್ತು. ಅಲ್ಲಿಯವರೆಗೆ ಹೊರಗೆ ಬಾರದಂತೆ ಕಟ್ಟಿಹಾಕುತ್ತಿದ್ದ ಹಿಮ ಆಟದ ಬಯಲಾಯಿತು. ಸಪ್ಪೊರೊದ ಹಿಮ ಹಬ್ಬಕ್ಕೆ ಈಗ ದೇಶವಿದೇಶದಿಂದ ಜನ ಬರುತ್ತಾರೆ. ಅದು ಹುಟ್ಟಿದ್ದು 1950ರಲ್ಲಿ, ಸ್ಥಳೀಯ ಶಾಲೆಗಳ ವಿದ್ಯಾರ್ಥಿಗಳು ಉದ್ಯಾನದಲ್ಲಿ ಮಾಡಿಟ್ಟ ಆರು ಹಿಮದ ಮೂರ್ತಿಗಳಿಂದ. ಸುಮಾರು ಇಪ್ಪತ್ತು ಲಕ್ಷ ಜನರ ನಗರ. ಪ್ರತಿ ಚಳಿಗಾಲ ಐದು ಮೀಟರ್ ಹಿಮ. ಅಲ್ಲಿ ಯಾರೂ ಬಾಗಿಲು ಹಾಕಿಕೊಂಡು ಕೂರುವುದಿಲ್ಲ.

'ಒಂದೆರಡು ವರ್ಷಕ್ಕೆ ಬಂದವರಿಗೆ ಇಷ್ಟೆಲ್ಲ ಉಸಾಬರಿ ಏಕೆ' ಎಂದು ಕೇಳುವವರಿದ್ದಾರೆ. ಇದು ಕೊನೆಯ ಆಕ್ಷೇಪ. ಜೆಟ್ ಯೋಜನೆಯಲ್ಲಿ ಒಪ್ಪಂದ ಒಂದು ವರ್ಷದ್ದು. ಹೆಚ್ಚೆಂದರೆ ಒಟ್ಟು ಐದು ವರ್ಷದವರೆಗೆ ಮುಂದುವರಿಸಬಹುದು. ಕಟ್ಟಡ ತಿದ್ದುವ ಹೊತ್ತಿಗೆ ಅವರು ಹೊರಟಿರುತ್ತಾರೆ, ನಿಜ. ಆದರೆ ಇನ್ನೂ ಒಂದು ವರ್ಷ ಇರುತ್ತೀರಾ ಎಂದು ಶಾಲೆಯವರು ಕೇಳುವುದು ಯಾವಾಗ? ಸಾಮಾನ್ಯವಾಗಿ ಜನವರಿ, ಫೆಬ್ರವರಿ ಸುಮಾರಿಗೆ. ಬೆಳಕು ಕಡಿಮೆ, ಪಾಠ ಕಡಿಮೆ, ಮನೆ ತಣ್ಣಗೆ, ಸೀಮೆಎಣ್ಣೆಯ ಬಿಲ್ಲು ಕೈಯಲ್ಲಿ. ಅಂಥ ಹೊತ್ತಿನಲ್ಲಿ ಉತ್ತರ ಬರೆಯಬೇಕು. ಶಾಲೆ ಹೇಗಿದೆ ಎಂಬ ಪ್ರಶ್ನೆಗೆ ಅವರು ಕೋಣೆ ಹೇಗಿದೆ ಎಂಬುದರ ಉತ್ತರ ಬರೆದು ಕೊಡುವ ಸಾಧ್ಯತೆ ಇದೆ. ದಿನಾಂಕವನ್ನು ಏಪ್ರಿಲಿಗೆ ಮುಂದೂಡಿ ಎನ್ನುವುದು ಸುಲಭ. ಆದರೆ ಆಗಸ್ಟಿಗೆ ಬರುವ ಹೊಸಬರನ್ನು ವಸಂತದೊಳಗೆ ಆರಿಸಬೇಕು, ಅವರಿಗೆ ಊರು ಹಂಚಬೇಕು. ಮುಂದೂಡಲಾಗದು. ಆಗುವ ಕೆಲಸ ಬೇರೆ ಇದೆ. ಕರೆಸಿಕೊಳ್ಳುವ ಊರಿನವರು ಬೇಸಿಗೆಯಲ್ಲೇ ಒಂದು ಹಾಳೆ ಬರೆದು ಕೊಡಲಿ. ಮನೆ ಬೆಟ್ಟದ ಯಾವ ಮಗ್ಗುಲಿನಲ್ಲಿದೆ. ಕಿಟಕಿ ಒಂಟಿಯೋ ಜೋಡಿಯೋ. ಒಂಟಿಯಾದರೆ ಗಾಜಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ ಯಾವ ಅಂಗಡಿಯಲ್ಲಿ ಸಿಗುತ್ತದೆ. ರಜೆಗೆ ಊರು ಬಿಡುವ ಮುನ್ನ ನಲ್ಲಿಯ ಕೊಳವೆಯ ನೀರನ್ನು ಹೇಗೆ ಬಸಿಯಬೇಕು. ಬಸಿಯದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ, ದುರಸ್ತಿಯ ಹೊರೆ ಬಾಡಿಗೆದಾರರ ತಲೆಗೇ ಬರಬಹುದು. ಸೀಮೆಎಣ್ಣೆ ಒಲೆ ಹಚ್ಚಿದಾಗ ಗಂಟೆಗೊಮ್ಮೆ ಕಿಟಕಿ ತೆರೆಯದಿದ್ದರೆ ವಿಷದ ಗಾಳಿ ತುಂಬುತ್ತದೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಲಿ. ಹೊಸ ವರ್ಷದ ಮೂರು ದಿನ ಯಾರ ಮನೆಗೆ ಹೋಗಬಹುದು ಎಂದು ಒಂದು ಹೆಸರು ಕೊಡಲಿ. ಇದಕ್ಕೆ ತಗಲುವ ಖರ್ಚು ಒಂದು ಹಾಳೆ, ಅರ್ಧ ದಿನ. ಬರೆಯಬೇಕಾದವರು ಆ ಊರಿನಲ್ಲಿ ಹಿಂದಿನ ಚಳಿಗಾಲ ಕಳೆದ ಶಿಕ್ಷಕರು, ಬರೆಸಬೇಕಾದವರು ಶಾಲೆಯ ಉಪಾಧ್ಯಾಯರ ಕೋಣೆಯಲ್ಲಿ ಅವರ ಪಕ್ಕದ ಮೇಜಿನಲ್ಲಿ ಕೂತವರು.